ಫೋಟೊ ತೆಗೆಯುವವಳು

ಆ ಸಿನಿಮಾವನ್ನು ನಾನು ಕೊನೆಯವರೆಗೂ ನೋಡಿದೆ. ನೋಡಿದ್ದಕ್ಕೆ ಇವತ್ತಿಗೂ ಸಿಟ್ಟಿದೆ.

ಭಾನುವಾರ ಮಧ್ಯಾಹ್ನ. ಊಟ ಮುಗಿದಿತ್ತು. ಹಿಂದಿನ ರಾತ್ರಿ ನೆನೆಹಾಕಿದ್ದ ಅವರೆಕಾಳನ್ನು ಮುಂದಿಟ್ಟುಕೊಂಡು ಹಿತುಕುತ್ತಾ ಕೂತಿದ್ದೆ. ಎರಡು ಬೆರಳ ನಡುವೆ ಒತ್ತಿದರೆ ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಎರಡು ಸೇರು ಕಾಳು ಮುಗಿಯಬೇಕಾದರೆ ಒಂದು ಇಡೀ ಸಿನಿಮಾ ಬೇಕು. ಹಾಗಾಗಿ ನಮ್ಮ ಯಜಮಾನರು ಹಾಕಿದ ಚಾನೆಲ್ಲನ್ನು ನಾನು ಬದಲಾಯಿಸಲು ಹೋಗಲಿಲ್ಲ.

ಯಾವುದೋ ದೇಶದ ಸಿನಿಮಾ, ಮಾತು ಮಾತ್ರ ತೆಲುಗು. ನಮ್ಮ ಕಡೆ ಅದು ಯಾರಿಗೂ ತೊಂದರೆಯಲ್ಲ. ಯಲ್ದೂರಿನ ಸುತ್ತಮುತ್ತ ಒಂದೇ ಮನೆಯಲ್ಲಿ ಬೈಯುವುದು ಒಂದು ಭಾಷೆಯಲ್ಲಿ, ಊಟಕ್ಕೆ ಕರೆಯುವುದು ಇನ್ನೊಂದರಲ್ಲಿ. ಹೀರೋ ಬೂದುಬಣ್ಣದ ಕೋಟು ಹಾಕಿಕೊಂಡು ಹತ್ತನೇ ಮಹಡಿಯಿಂದ ಬೀಳುತ್ತಾನೆ, ಬಟ್ಟೆ ಕೊಡವಿಕೊಂಡು ನಡೆದುಹೋಗುತ್ತಾನೆ. ಸರ್ಕಾರದ ಕೆಲಸದಲ್ಲಿರುವವನು. ಅವನ ಮೇಲಿನವರು ಊರಿನ ಮೇಲೆ ಒಂದು ಯಂತ್ರ ತೂಗುಹಾಕಿದ್ದಾರೆ. ಅದು ಕೆಳಗೆ ಓಡಾಡುವ ಪ್ರತಿ ಮುಖವನ್ನೂ ನೋಡಿ, ನಾಳೆ ಯಾರು ಸರ್ಕಾರಕ್ಕೆ ಎದುರು ಮಾತಾಡಬಹುದು ಎಂದು ಪಟ್ಟಿ ಮಾಡುತ್ತದೆ. ಪಟ್ಟಿಗೆ ಸೇರಿದವರು ಮಾರನೇ ದಿನ ಮನೆಯಲ್ಲಿರುವುದಿಲ್ಲ. ಪಟ್ಟಿಯಲ್ಲಿ ತನ್ನ ಗೆಳೆಯನ ಮುಖ ಕಂಡ ಮೇಲೆ ಹೀರೋಗೆ ತನ್ನ ಆಫೀಸಿನ ಮೇಲೇ ಅನುಮಾನ ಶುರುವಾಗುತ್ತದೆ. ಇಷ್ಟು ಹೊತ್ತಿಗೆ ನನ್ನ ಒಂದು ಸೇರು ಮುಗಿದಿತ್ತು.

ಆಗ ಅವಳು ಬಂದಳು. ನನ್ನ ವಯಸ್ಸಿನವಳೇ. ಹೆಗಲಿಗೆ ಬ್ಯಾಗು, ಕಾಲಿಗೆ ಚಪ್ಪಟೆ ಚಪ್ಪಲಿ, ಕೈಯಲ್ಲಿ ಫೋನು. ಮನೆ ಮನೆಯ ಬಾಗಿಲು ತಟ್ಟಿ, ಆರೋಗ್ಯ ತಪಾಸಣೆಗೆ ಒಂದೇ ಒಂದು ಫೋಟೊ ಎಂದು ನಗುನಗುತ್ತಾ ಕೇಳುತ್ತಾಳೆ. ಬಾಣಂತಿಯರು, ಮುದುಕರು ಎಲ್ಲರೂ ನಿಂತು ಮುಖ ತೋರಿಸುತ್ತಾರೆ. ಆ ಮುಖಗಳೆಲ್ಲ ನೇರವಾಗಿ ಯಂತ್ರಕ್ಕೆ. ಆಮೇಲೆ ಯಾರೋ ಅವಳ ಕತ್ತಿನ ಪಟ್ಟಿ ಹಿಡಿದು ಕೇಳಿದಾಗ, ನನಗೆ ಹೇಳಿದ್ದನ್ನು ನಾನು ಮಾಡಿದೆ ಅಂತಾಳೆ. ಅಷ್ಟೇ ಅವಳ ಪಾಲು, ಎರಡು ನಿಮಿಷ.

"ಲೇ, ನೋಡ್ದ್ಯಾ, ನೀನ್ ಬಂದೆ," ಅಂದರು ಯಜಮಾನರು.

ನಾನು ನಗಲಿಲ್ಲ. ಅವರು ಟಿವಿ ಸೌಂಡು ಜಾಸ್ತಿ ಮಾಡಿದರು.

ನಾನು ಈ ಊರಿನ ಅಂಗನವಾಡಿಯಲ್ಲಿ ಹತ್ತೊಂಬತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮಕ್ಕಳಿಗೆ ಪಾಠ, ಊಟ. ಬಸುರಿಯರಿಗೆ, ಬಾಣಂತಿಯರಿಗೆ ಮಧ್ಯಾಹ್ನ ಬಿಸಿಯೂಟ, ಮೊಟ್ಟೆ, ಸೋಮವಾರಕ್ಕೊಮ್ಮೆ ಮನೆಗೆ ಒಯ್ಯುವ ಹಿಟ್ಟಿನ ಪ್ಯಾಕೆಟ್ಟು. ಯಾರು ಬಂದರು, ಯಾರು ಉಂಡರು ಎಂದು ರಿಜಿಸ್ಟರಿನಲ್ಲಿ ಬರೆಯುತ್ತಿದ್ದೆ. ಮಳೆ ಬಂದಿದ್ದು, ಗ್ಯಾಸ್ ಮುಗಿದಿದ್ದು, ಯಾವ ಮಗುವಿಗೆ ಕೆಮ್ಮು ಎನ್ನುವುದನ್ನೂ ಅದರ ಅಂಚಿನಲ್ಲಿ ಬರೆಯುವ ಚಾಳಿ ನನಗೆ. ಆ ಸಿನಿಮಾ ಬರುವುದಕ್ಕೆ ಎರಡು ತಿಂಗಳ ಮುಂಚೆ ರಿಜಿಸ್ಟರು ಸಾಕು ಅಂದರು. ಫೋನು ಕೊಟ್ಟರು. ಬಂದವಳ ಮುಖವನ್ನು ಒಂದು ವೃತ್ತದೊಳಗೆ ಹಿಡಿಯಬೇಕು. ಕಣ್ಣು ಮಿಟುಕಿಸಿ ಎಂದು ಫೋನು ಹೇಳುತ್ತದೆ. ಅವಳು ಮಿಟುಕಿಸಬೇಕು. ಗುರುತಿನ ಕಾರ್ಡಿನಲ್ಲಿರುವ ಹಳೆಯ ಫೋಟೊಗೆ ಅದು ಹೊಂದಿದರೆ ಹಸಿರು, ಊಟ ಕೊಡಬಹುದು. ಹೊಂದದಿದ್ದರೆ ಕೆಂಪು, ಕೊಡುವ ಹಾಗಿಲ್ಲ. ಮೊದಲ ವಾರ ಎಲ್ಲರಿಗೂ ಅದೊಂದು ತಮಾಷೆಯಾಗಿತ್ತು. "ಯಾರಿಗೆ ಕಣ್ಣು ಹೊಡೀಬೇಕು ಟೀಚರಮ್ಮಾ, ಮೊದ್ಲು ಅವ್ನ್ನ ತೋರ್ಸಿ," ಎನ್ನುತ್ತಿದ್ದರು.

ಸಿನಿಮಾದ ಮಾರನೇ ದಿನ ಸೋಮವಾರ. ಹಿಟ್ಟಿನ ಪ್ಯಾಕೆಟ್ಟಿನ ದಿನ. ಅಲ್ಲಿಯವರೆಗೆ ಮುಖ ಕೊಡದ ಒಬ್ಬಿಬ್ಬರಿಗೂ ಊಟ ಬಡಿಸಬಹುದಿತ್ತು, ಅವತ್ತಿನಿಂದ ಎಲ್ಲರಿಗೂ ಕಡ್ಡಾಯ. ಹೊಸಲಿನ ಆಚೆ ಎಂಟು ಹತ್ತು ಜನ ನಿಂತಿದ್ದರು. ನಾನು ಫೋನು ಹಿಡಿದು, "ಮೊದ್ಲು ಯಾರು ಬರ್ತೀರಿ?" ಅಂದೆ. ಯಾರೂ ಮುಂದೆ ಬರಲಿಲ್ಲ.

ಬಳೆ ವ್ಯಾಪಾರದವರ ಮನೆಯ ಸೊಸೆ, ಮೂರು ತಿಂಗಳ ಬಾಣಂತಿ, ಮಾತಿನಲ್ಲಿ ಚುರುಕು. ಅವಳು ಮಗುವನ್ನು ಸೊಂಟದ ಮೇಲೆ ಸರಿಮಾಡಿಕೊಂಡು ಹೇಳಿದಳು: "ಟೀಚರ್, ನಿನ್ನೆ ನಿಮ್ದು ಪಾರ್ಟು ಚೆನ್ನಾಗಿತ್ತು. ನಮ್ಮ ಸಾಸು ಕೂಡ ನೋಡಿದ್ರು." ಸಾಸು ಅಂದರೆ ಅವಳ ಅತ್ತೆ.

"ಯಾವ ಪಾರ್ಟಮ್ಮ?"

"ಅದೇ, ಬ್ಯಾಗ್ ಹಾಕ್ಕೊಂಡು ಮನೆ ಮನೆಗೂ ಹೋಗಿ ಫೋಟೋ ಹೊಡೀತಾಳಲ್ಲ. ಆಮೇಲೆ ಆ ಮನೆಯೋರು ಸಿಗೋದೇ ಇಲ್ಲ."

ಎಲ್ಲರೂ ನಕ್ಕರು. ನಗು ಮುಗಿದ ಮೇಲೂ ಯಾರೂ ಹೊಸಲು ದಾಟಲಿಲ್ಲ.

"ಸಿನಿಮಾ ನೋಡಿ ಊಟ ಬಿಡ್ತೀರಾ? ಅದೊಂದು ಸುಳ್ಳು ಕಥೆ," ಅಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

ಆಗ ದೊಡ್ಡಮ್ಮ ಬಾಯಿ ತೆರೆದಳು. ಸಂಬಂಧದಲ್ಲಿ ನನಗೆ ಏನೂ ಅಲ್ಲ, ಕರೆಯುವುದು ಹಾಗೆ. ಬೀದಿಯ ಕೊನೆಯ ಮನೆ, ಎರಡು ಹಸು, ಡೈರಿಗೆ ಹಾಲು. ಆ ಮನೆಯಲ್ಲಿ ಅವಳ ಮಾತೇ ಮಾತು. ಏಳು ತಿಂಗಳ ಬಸುರಿ ಸೊಸೆ ಅವಳ ಬೆನ್ನ ಹಿಂದೆ ನಿಂತಿದ್ದಳು.

"ಸುಳ್ಳೇ ಇರ್ಲಿ. ನಿನ್ ಕೈಯಲ್ಲಿರೋದು ನಿಜ ತಾನೇ?" ಅಂದಳು ಫೋನಿನ ಕಡೆ ಗದ್ದ ಎತ್ತಿ. "ಹತ್ತೊಂಬತ್ತು ವರ್ಷದಿಂದ ಈ ಊರ ಅನ್ನ ಬೇಯಿಸ್ತಾ ಇದ್ದೀಯ. ನಿಂಗೆ ನಮ್ ಮುಖ ಗೊತ್ತಿಲ್ವಾ? ಅದ್ಯಾಕೆ ಕೇಳ್ತೈತೆ?"

"ನಂಗಲ್ಲ ದೊಡ್ಡಮ್ಮ. ಮೇಲಿನೋರಿಗೆ ಬೇಕು."

"ಅಂಗಂದ್ರೆ ಮೇಲಿನೋರೇ ಬರ್ಲಿ. ಬೇಕಾದಷ್ಟು ಸಲ ಮಿಟುಕಿಸ್ತೀವಿ." ಸೊಸೆಯ ಮೊಣಕೈ ಹಿಡಿದು ತಿರುಗಿದಳು. "ಮಾಕೇಮಿ ವದ್ದು. ನಮಗೇನೂ ಬೇಡ. ನಡಿಯೇ."

ಬೇರೆಯವರು ಆ ವಾರ ಒಬ್ಬೊಬ್ಬರಾಗಿ ಬಂದರು. ಬುಧವಾರ ಬಳೆಯವರ ಸೊಸೆ ಬಂದು, "ಮೊಟ್ಟೆ ಬಿಡಕ್ಕಾಗಲ್ಲ ಟೀಚರ್, ತೆಗೀರಿ, ಒಳ್ಳೇದಾಗಿ ತೆಗೀರಿ," ಎಂದು ಸೆರಗು ಸರಿಮಾಡಿಕೊಂಡು ಕಣ್ಣು ಮಿಟುಕಿಸಿದಳು. ಬರದೇ ಉಳಿದಿದ್ದು ದೊಡ್ಡಮ್ಮನ ಸೊಸೆ ಒಬ್ಬಳೇ.

ಅವಳೇ ಬರಬೇಕಾಗಿದ್ದವಳು. ಹುಡುಗಿಯ ತವರು ನಂಗಲಿಯ ಹತ್ತಿರ. ಮದುವೆಯಾಗಿ ಬಂದಾಗ ಕೆನ್ನೆ ತುಂಬಿತ್ತು. ಈಗ ಕತ್ತಿನ ಎಲುಬು ಕಾಣುತ್ತಿತ್ತು. ರಕ್ತ ಕಡಿಮೆ ಇದೆ, ಹೀಗೇ ಹೋದರೆ ಹೆರಿಗೆ ಕೋಲಾರದ ದೊಡ್ಡ ಆಸ್ಪತ್ರೆಯಲ್ಲೇ ಎಂದು ನರ್ಸಮ್ಮ ಹೇಳಿದ್ದರು. ಗಂಡ ಮಾಲೂರಿನ ಕಡೆ ಫ್ಯಾಕ್ಟರಿಯಲ್ಲಿ, ಬರುವುದು ವಾರಕ್ಕೊಮ್ಮೆ. ಆ ಮನೆಯಲ್ಲಿ ಏಳನೇ ತಿಂಗಳು ತುಂಬಿತೆಂದರೆ ಬಸುರಿಗೆ ಅರೆಹೊಟ್ಟೆ ಊಟ. ಹೆಚ್ಚು ತಿಂದರೆ ಮಗು ದಪ್ಪವಾಗುತ್ತದೆ, ಹೆರುವುದು ಕಷ್ಟ ಎನ್ನುವುದು ದೊಡ್ಡಮ್ಮನ ಲೆಕ್ಕ. ಅವಳು ಮೂವರನ್ನು ಹಾಗೇ ಹೆತ್ತಿದ್ದಳು. ಹೊಟ್ಟೆಕಿಚ್ಚಿಗೋ ಜಿಪುಣತನಕ್ಕೋ ಅಲ್ಲ, ಹುಡುಗಿ ಉಳಿಯಲಿ ಎಂದೇ ಅವಳು ತಟ್ಟೆಯಿಂದ ಒಂದು ಮುದ್ದೆ ತೆಗೆಯುತ್ತಿದ್ದಳು. ಹೀಗಾಗಿ ಆ ಹುಡುಗಿ ದಿನದಲ್ಲಿ ಹೊಟ್ಟೆ ತುಂಬ ಉಣ್ಣುತ್ತಿದ್ದುದು ನನ್ನ ಅಂಗನವಾಡಿಯಲ್ಲಿ ಒಂದೇ ಹೊತ್ತು. ಆ ಸೋಮವಾರದಿಂದ ಅದೂ ನಿಂತಿತು.

ಗುರುವಾರ ಶ್ರೀನಿವಾಸಪುರದಲ್ಲಿ ಮೀಟಿಂಗು. ನಮ್ಮ ಸೂಪರ್‌ವೈಸರ್ ಮೇಡಂ ಗೋಡೆಯ ಮೇಲೆ ಊರುಗಳ ಪಟ್ಟಿ ಬಿಟ್ಟು ತೋರಿಸಿದರು. ಎಲ್ಲ ಹಸಿರು, ನನ್ನದು ಕೆಂಪು.

"ಒಬ್ಬಳೇ ಮೇಡಂ," ಅಂದೆ. "ಅತ್ತೆ ಬಿಡ್ತಾ ಇಲ್ಲ. ಏಳು ತಿಂಗಳು, ರಕ್ತ ಕಡಿಮೆ. ಊಟಾನಾದ್ರೂ ಕೊಡ್ಲಾ?"

"ಮುಖ ಇಲ್ದೆ ಹೆಂಗ್ರೀ ಕೊಡ್ತೀರ? ಅದು ಕಳ್ಳ ಲೆಕ್ಕ ಆಗುತ್ತೆ."

"ಹುಡುಗಿ ಕಣ್ಣೆದುರಿಗೇ ಇದ್ದಾಳೆ."

"ನಿಮ್ಮ ಕಣ್ಣು ಯಾರಿಗ್ರೀ ಬೇಕು?" ಮೇಡಂ ಕೆಟ್ಟದಾಗಿ ಏನೂ ಹೇಳಲಿಲ್ಲ, ಇರುವುದನ್ನೇ ಹೇಳಿದರು. "ಮುಖ ಬಂದಿಲ್ಲ ಅಂದ್ರೆ ಆ ಹುಡುಗಿ ಊರಲ್ಲಿಲ್ಲ ಅಂತ. ಮುಂದಿನ ಗುರುವಾರದೊಳಗೆ ತೋರಿಸಿ. ಇಲ್ಲಾಂದ್ರೆ ಹೆಸರು ತೆಗೀರಿ."

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತ್ತು. ಹೊರಗೆ ಮಾವಿನ ತೋಪುಗಳಲ್ಲಿ ಹೂವು ಕಟ್ಟುತ್ತಿತ್ತು, ಔಷಧಿ ಹೊಡೆಯುತ್ತಿದ್ದರು. ನನಗೆ ಯಾರ ಮೇಲೆ ಸಿಟ್ಟು ಎಂದು ತಿಳಿಯದಷ್ಟು ಸಿಟ್ಟು ಬಂದಿತ್ತು. ನಾನೂ ದಿನಾ ಬೆಳಿಗ್ಗೆ ಅಂಗನವಾಡಿಯ ಹೊಸಲಲ್ಲಿ ನಿಂತು ಆ ಫೋನಿಗೆ ಮುಖ ತೋರಿಸುತ್ತೇನೆ. ನಾನು ಎಲ್ಲಿದ್ದೇನೆ ಎಂದು ಅದು ಹೇಳುತ್ತಿರುತ್ತದೆ. ಒಮ್ಮೆ ಮುಳಬಾಗಿಲಿನಲ್ಲಿ ತಂಗಿಗೆ ಹುಷಾರಿಲ್ಲವೆಂದು ಅರ್ಧ ದಿನ ಹೋಗಿದ್ದಾಗ, ತಂಗಿಗೆ ಗಂಜಿ ಕುಡಿಸುತ್ತಿರುವಾಗಲೇ ಫೋನು ಬಂದಿತ್ತು: ಏನ್ರೀ, ಮುಳಬಾಗಿಲಲ್ಲೇನು ಕೆಲಸ? ಆಗ ತಪ್ಪಾಯ್ತು ಮೇಡಂ ಅಂದಿದ್ದೆ. ತೋರಿಸುವುದಿಲ್ಲ ಎನ್ನಬಹುದು ಎಂಬ ಯೋಚನೆ ನನಗೆ ಎಂದೂ ಬಂದಿರಲಿಲ್ಲ. ಅದು ಬಂದಿದ್ದು ದೊಡ್ಡಮ್ಮನಿಗೆ. ಅದಕ್ಕೂ ನನಗೆ ಅವಳ ಮೇಲೆ ಸಿಟ್ಟು.

ಬಸ್ಸಿಳಿದು ಮನೆಗೆ ಹೋಗದೆ ನೇರ ಅವಳ ಮನೆಗೆ ಹೋದೆ. ಕೊಟ್ಟಿಗೆಯಲ್ಲಿ ಹಿಂಡಿ ಕಲೆಸುತ್ತಿದ್ದಳು. ಸೊಸೆ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು.

"ಒಂದು ಫೋಟೊ ದೊಡ್ಡಮ್ಮ. ಅದೂ ಹೊಟ್ಟೆಗೋಸ್ಕರ. ಗುರುವಾರದೊಳಗೆ ಆಗ್ದಿದ್ರೆ ಹೆಸ್ರೇ ತೆಗೀತಾರೆ."

"ತೆಗೀಲಿ. ನಾನಿಲ್ವಾ ಹಾಕೋಕೆ?"

"ನೀವು ಹಾಕೋದು ಗೊತ್ತು. ಅರ್ಧ ಮುದ್ದೆ. ನರ್ಸಮ್ಮ ಏನಂದ್ರು ಅಂತ ಕೇಳಿಸ್ಕೊಂಡ್ರಾ?"

ಅವಳು ಹಿಂಡಿಯ ಕೈಯಲ್ಲೇ ಎದ್ದು ಬಂದಳು. "ಏಮ್ಮಾ, ನನ್ ಮನೆ ಮುದ್ದೆ ಅಳೆಯೋಕೆ ಬಂದ್ಯಾ? ಅದನ್ನೂ ಬರ್ಕೋ. ಬರ್ಯೋದು ನಿನ್ ಕೆಲ್ಸ ತಾನೇ."

"ಟಿವಿ ನೋಡ್ಕೊಂಡು ಬಂದು ನನ್ನ ಕಳ್ಳಿ ಥರ ನೋಡ್ತೀರಲ್ಲ. ನಾನೇನು ಮಾಡಿದೀನಿ ನಿಮಗೆ?"

"ಸಿನಿಮಾ ನೋಡಿ ಅಂದ್ಕೊಂಡ್ಯಾ?" ಅವಳ ದನಿ ಇದ್ದಕ್ಕಿದ್ದಂತೆ ತಗ್ಗಿತು. "ಆವತ್ತು ರೇಷನ್ ಕಾರ್ಡ್ ಸರ್ವೆಗೆ ಬಂದಿದ್ದು ಯಾರು?"

ನಾನೇ. ಆರೇಳು ವರ್ಷದ ಹಿಂದೆ. ಯಾರ ಮನೆಯಲ್ಲಿ ಏನಿದೆ ಎಂದು ಬರೆದುಕೊಂಡು ಬನ್ನಿ ಎಂದು ಫಾರಂ ಕೊಟ್ಟಿದ್ದರು. ದೊಡ್ಡಮ್ಮನ ಮನೆ ಮುಂದೆ ಬೈಕು ನಿಂತಿತ್ತು. ನಾನು ಬೈಕಿದೆ ಎಂದು ಬರೆದೆ. ಮಳೆಯನ್ನೂ ಮಗುವಿನ ಕೆಮ್ಮನ್ನೂ ಬರೆದುಕೊಳ್ಳುವಷ್ಟೇ ಶ್ರದ್ಧೆಯಿಂದ, ಕಂಡದ್ದನ್ನು ಕಂಡ ಹಾಗೆ ಬರೆದೆ. ಬೈಕಿದ್ದವರು ಬಡವರಲ್ಲ ಎಂದು ಎರಡು ತಿಂಗಳಿಗೆ ಅವರ ಕಾರ್ಡು ರದ್ದಾಯಿತು. ಮತ್ತೆ ಆಗಲು ವರ್ಷವೇ ಹಿಡಿಯಿತು. ಯಾಕೆ ರದ್ದಾಯಿತೆಂದು ಅವಳಿಗೆ ಗೊತ್ತಿಲ್ಲ ಎಂದು ನಾನು ನಂಬಿಕೊಂಡಿದ್ದೆ.

"ಅದು ನನ್ ಮಗಳನ್ನ ನೋಡೋಕೆ ಬಂದೋರ ಗಾಡಿ ಕಣಮ್ಮ," ಅಂದಳು. "ಒಳಗೆ ಕಾಫಿ ಕುಡೀತಾ ಇದ್ರು. ಗಾಡಿ ಯಾರ್ದು ಅಂತ ಒಂದ್ ಮಾತು ಕೇಳಿದ್ಯಾ? ನಾನು ಬಾಗ್ಲಲ್ಲೇ ನಿಂತಿದ್ದೆ. ನೀನು ನಂಗೂ ಕಾಫಿ ಕೊಡು ದೊಡ್ಡಮ್ಮ ಅಂದೆ, ಕುಡಿದೆ, ಬರ್ಕೊಂಡು ಹೋದೆ."

ಕಾಫಿ ಕುಡಿದದ್ದು ನೆನಪಿತ್ತು. ಬೆಲ್ಲದ ಕಾಫಿ.

"ಆಫೀಸಲ್ಲಿ ಹೇಳಿದ್ರು, ನಿಮ್ಮೂರಿನ ಟೀಚರೇ ಬರ್ದಿರೋದು ಅಂತ. ಆ ವರ್ಷ ಅಕ್ಕಿ ಕೊಂಡು ತಿಂದ್ವಿ. ನಿನ್ನ ಒಂದ್ ಮಾತು ಅಂದ್ನಾ? ಇಲ್ಲ. ಈಗ ಮುಖ ಕೊಡು ಅಂತೀಯ. ಕೊಡಲ್ಲ."

ಜಗಲಿಯ ಮೇಲೆ ಹುಡುಗಿ ಕಾಯಿ ಬಿಡಿಸುವುದನ್ನು ನಿಲ್ಲಿಸಿದ್ದಳು. ನಾನು ತಪ್ಪಾಯಿತು ಎನ್ನಬೇಕಿತ್ತು. ಮೇಡಂಗೆ ಸುಲಭವಾಗಿ ಹೇಳುವ ಆ ಮಾತು ಅವಳೆದುರಿಗೆ ಬಾಯಿಗೆ ಬರಲಿಲ್ಲ. "ಹಂಗಾದ್ರೆ ಫೋಟೊ ಬೇಡ," ಅಂದೆ. "ನಾಳೆ ಊಟಕ್ಕೆ ಕಳಿಸಿ. ನಾನು ಬಡಿಸ್ತೀನಿ. ಲೆಕ್ಕ ನಾನು ನೋಡ್ಕೋತೀನಿ."

"ಆ ಫೋನು?"

"ಪಕ್ಕದಲ್ಲಿಡ್ತೀನಿ."

"ನೀನ್ ಪಕ್ಕದಲ್ಲಿಟ್ರೂ ನಾನ್ ನಂಬಲ್ಲ. ನನ್ ಕೈಗೆ ಕೊಡ್ಬೇಕು."

ಶುಕ್ರವಾರದಿಂದ ಹಾಗೇ ನಡೆಯಿತು. ಮಕ್ಕಳ ಊಟ ಮುಗಿಯುವ ಹೊತ್ತಿಗೆ ಅತ್ತೆ ಸೊಸೆ ಬರುತ್ತಿದ್ದರು. ದೊಡ್ಡಮ್ಮ ಹೊಸಲ ಮೇಲೆ ಕೂತು ಕೈಚಾಚುತ್ತಿದ್ದಳು. ನಾನು ಫೋನು ಕೊಡುತ್ತಿದ್ದೆ. ಅದನ್ನು ಮಡಿಲಿನಲ್ಲಿ ಬೋರಲು ಹಾಕಿ, ಮೇಲೆ ಸೆರಗು ಮುಚ್ಚಿ, ಅದರ ಮೇಲೆ ಎರಡೂ ಕೈ ಇಟ್ಟುಕೊಂಡು, ಸೊಸೆ ಉಣ್ಣುವವರೆಗೂ ನನ್ನನ್ನೇ ನೋಡುತ್ತಿದ್ದಳು. ಹತ್ತೊಂಬತ್ತು ವರ್ಷದಲ್ಲಿ ನನ್ನ ಸಾರಿನ ಸೌಟನ್ನು ಅಷ್ಟು ಗಮನವಿಟ್ಟು ಯಾರೂ ನೋಡಿರಲಿಲ್ಲ.

"ಉಪ್ಪು ಜಾಸ್ತಿ ಹಾಕ್ತೀಯ."

"ನೀವು ತಿಂತಿಲ್ವಲ್ಲ ದೊಡ್ಡಮ್ಮ."

"ತಿನ್ನೋಳು ನಮ್ಮೋಳು. ಸಾಕು, ಅನ್ನ ಸಾಕು."

ಅವಳು ಸಾಕು ಎಂದ ಮೇಲೆ ನಾನು ಇನ್ನೊಂದು ಸೌಟು ಹಾಕುತ್ತಿದ್ದೆ. ಅವಳು ಪಿಸುಪಿಸು ಬೈಯುತ್ತಿದ್ದಳು. ಹುಡುಗಿ ಇಬ್ಬರ ಕಡೆಯೂ ನೋಡದೆ ತಟ್ಟೆ ಖಾಲಿ ಮಾಡುತ್ತಿದ್ದಳು. ಆ ಒಂದು ತಟ್ಟೆಯ ಅಕ್ಕಿ ಬೇಳೆಯನ್ನು ನಾನು ಮನೆಯಿಂದ ತರುತ್ತಿದ್ದೆ. ಇಲ್ಲಿಯ ಮೂಟೆಯಿಂದ ತೆಗೆದರೆ ಮೇಡಂ ಅಂದ ಹಾಗೆ ಕಳ್ಳ ಲೆಕ್ಕವೇ ಆಗುತ್ತಿತ್ತು. ಅದನ್ನು ಅತ್ತೆ ಸೊಸೆ ಇಬ್ಬರಿಗೂ ಹೇಳಲಿಲ್ಲ. ಹೇಳಿದ್ದರೆ ದೊಡ್ಡಮ್ಮ ಅಲ್ಲಿಗೇ ನಿಲ್ಲಿಸುತ್ತಿದ್ದಳು.

ಬುಧವಾರ ಮಧ್ಯಾಹ್ನ, ಫೋನು ಅವಳ ಮಡಿಲಿನಲ್ಲಿರುವಾಗಲೇ ಬಡಿದುಕೊಂಡಿತು. ಬೆಚ್ಚಿ ಸೆರಗಿನಿಂದ ತೆಗೆದು ನನ್ನ ಕೈಗೆ ಕೊಟ್ಟಳು. ಮೇಡಂ. ನನ್ನ ಫೋನಿನ ಕಿವಿ ಹಾಳಾಗಿದೆ, ಸ್ಪೀಕರಿನಲ್ಲೇ ಮಾತಾಡಬೇಕು. ನಾಳೆ ಗುರುವಾರ, ಮುಖ ಬಂದಿಲ್ಲ, ಆ ಹೆಸರು ನಾಳೆ ತೆಗೆಯುತ್ತೇವೆ, ನಿಮಗೂ ಒಂದು ನೋಟಿಸು ಬರುತ್ತದೆ, ಉತ್ತರ ಬರೆದಿಟ್ಟುಕೊಳ್ಳಿ. ಮೂವರೂ ಕೇಳಿಸಿಕೊಂಡೆವು.

ಮಾತಾಡಿದ್ದು ಹುಡುಗಿ. ಆ ಹತ್ತು ದಿನದಲ್ಲಿ ನಾವಿಬ್ಬರೂ ಅವಳ ಮುಖಕ್ಕಾಗಿ ಜಗಳವಾಡಿದ್ದೆವು, ಅವಳನ್ನು ಒಂದು ಮಾತು ಕೇಳಿರಲಿಲ್ಲ.

"ಟೀಚರಮ್ಮ, ತೆಗೀರಿ," ಅಂದಳು. ಎಂಜಲು ಕೈ ತಟ್ಟೆಯ ಮೇಲೇ ಇತ್ತು.

"ಏಯ್, ಸುಮ್ನಿರೇ," ಅಂದಳು ದೊಡ್ಡಮ್ಮ.

"ನಂಗೆ ಹಸಿವಾಗುತ್ತೆ ಅತ್ತೆ. ಸಾಯಂಕಾಲಾನೂ ಆಗುತ್ತೆ, ಬೆಳಿಗ್ಗೇನೂ ಆಗುತ್ತೆ. ಪ್ಯಾಕೆಟ್ ಬಂದ್ರೆ ಗಂಜಿ ಕಾಸ್ಕೋತೀನಿ." ಅವಳು ದನಿ ಏರಿಸಲಿಲ್ಲ. ಬಟ್ಟೆ ಒಗೆಯುತ್ತೇನೆ ಎನ್ನುವ ಹಾಗೆ ಹೇಳಿದಳು.

ದೊಡ್ಡಮ್ಮ ನನ್ನ ಕಡೆ ನೋಡಿದ ನೋಟವನ್ನು ಬರೆಯಲು ನನಗೆ ಬರುವುದಿಲ್ಲ. ಆದರೆ ತಡೆಯಲಿಲ್ಲ. ಹುಡುಗಿ ಕೈತೊಳೆದು ಬಂದು, ಸೆರಗಿನಿಂದ ಮುಖ ಒರೆಸಿಕೊಂಡು, ಬೆಳಕಿರುವ ಕಡೆ ನಿಂತಳು. ವೃತ್ತದೊಳಗೆ ಅವಳ ಮುಖ ಹಿಡಿದೆ. ಕಣ್ಣು ಮಿಟುಕಿಸಿ ಅಂದಿತು. ಮಿಟುಕಿಸಿದಳು. ಚಕ್ರ ತಿರುಗಿತು, ತಿರುಗಿತು, ಕೆಂಪಾಯಿತು. ಮುಖ ಹೊಂದಿಕೆಯಾಗುತ್ತಿಲ್ಲ.

ಬಿಂದಿ ತೆಗೆಸಿದೆ. ಕೂದಲು ಹಿಂದಕ್ಕೆ ಸರಿಸಿದೆ. ಮತ್ತೆ ಕೆಂಪು. ಅಂಗಳಕ್ಕೆ ಕರೆದುಕೊಂಡು ಹೋಗಿ ಬಿಸಿಲಿಗೆ ನಿಲ್ಲಿಸಿದೆ. ಕಣ್ಣಲ್ಲಿ ನೀರು ಬರುವಷ್ಟು ಮಿಟುಕಿಸಿದಳು. ಕೆಂಪು. ಕಾರ್ಡು ತೆಗೆಸಿ ನೋಡಿದೆ. ಅದರ ಫೋಟೊ ಅವಳು ಏಳನೆಯದೋ ಎಂಟನೆಯದೋ ಓದುವಾಗಿನದು. ಎರಡು ಜಡೆ, ದುಂಡು ಕೆನ್ನೆ. ಈಗಿನ ಮುಖಕ್ಕೆ ಆ ಕೆನ್ನೆ ಇರಲಿಲ್ಲ. ಕೆನ್ನೆ ಬರಲಿ ಎಂದೇ ಊಟ ಕೊಡಬೇಕಾಗಿದ್ದುದು, ಕೆನ್ನೆ ಇಲ್ಲವೆಂದು ಫೋನು ಬೇಡ ಅಂದಿತು.

ಸಿನಿಮಾದ ಯಂತ್ರ ಆಕಾಶದಲ್ಲಿ ನಿಂತು ಲಕ್ಷ ಜನರಲ್ಲಿ ಒಬ್ಬನನ್ನು ಗುರುತು ಹಿಡಿಯುತ್ತಿತ್ತು. ಅದನ್ನು ನಂಬಿ ಊರು ಹೆದರಿಕೊಂಡಿತ್ತು, ನಾನೂ ಒಳಗೊಳಗೇ ಹೆದರಿದ್ದೆ. ನನ್ನ ಕೈಯಲ್ಲಿದ್ದುದಕ್ಕೆ ಮೊಳದ ದೂರದಲ್ಲಿ ನಿಂತ ಹುಡುಗಿ ಕಾಣಲಿಲ್ಲ. ಇಂಥದ್ದರ ಮೇಲೆ ಯಾರೂ ಸಿನಿಮಾ ತೆಗೆಯುವುದಿಲ್ಲ. ಯಾವ ಹೀರೋ ಬಂದು ಏನನ್ನು ಒಡೆದು ಹಾಕಬೇಕು?

"ಏನಂತೆ?" ಅಂದಳು ದೊಡ್ಡಮ್ಮ ಹೊಸಲಿನಿಂದ.

"ಇವಳು ಇವಳಲ್ವಂತೆ."

ನಗುತ್ತಾಳೆ ಅಂದುಕೊಂಡೆ. ಗೆದ್ದವಳು ಅವಳೇ. ನಗಲಿಲ್ಲ. ಎದ್ದು ಬಂದು ಸೊಸೆಯ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ತಾನೂ ಒಂದು ಸಲ ಸರಿಯಾಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಕತ್ತಿನ ಎಲುಬಿನ ಮೇಲೆ ಅವಳ ಹೆಬ್ಬೆರಳು ನಿಂತಿತು.

ನಾನು ಒಳಗೆ ಹೋಗಿ, ಬೇಡವೆಂದು ಅಟ್ಟಕ್ಕೆ ಹಾಕಿದ್ದ ರಿಜಿಸ್ಟರನ್ನು ತೆಗೆದು ಧೂಳು ಹೊಡೆದೆ. ಶುಕ್ರವಾರದಿಂದ ಬುಧವಾರದವರೆಗೆ, ಭಾನುವಾರ ಬಿಟ್ಟು, ಅವಳು ಬಂದದ್ದು, ಉಂಡದ್ದು, ಅಕ್ಕಿ ಎಲ್ಲಿಯದು, ಫೋನಿಗೆ ಮೂರು ಸಲ ಮುಖ ತೋರಿಸಿದ್ದು, ಅದು ಗುರುತಿಸದೇ ಹೋದದ್ದು, ಎಲ್ಲ ಬರೆದೆ. ನೋಟಿಸಿಗೆ ಉತ್ತರವಾಗಿ ಈ ಪುಟವನ್ನೇ ಕೊಡುವುದು ಎಂದುಕೊಂಡೆ.

ದೊಡ್ಡಮ್ಮ ತಲೆಯ ಮೇಲೆ ಬಂದು ನಿಂತಿದ್ದಳು. "ಏನ್ ಬರ್ದೆ, ಓದು."

ಓದಿದೆ. ಅಕ್ಕಿಯ ಸಾಲು ಬಂದಾಗ ಅವಳ ಮುಖ ಬಿಗಿಯಿತು.

"ನಿನ್ ಮನೆ ಅಕ್ಕಿನಾ? ಯಾರ್ ತಾ ಅಂದ್ರು?"

"ಯಾರೂ ಅನ್ಲಿಲ್ಲ."

"ಅದನ್ನ ಹೊಡೆದು ಹಾಕು. ನಾಳೆಯಿಂದ ನಮ್ಮನೆ ಅಕ್ಕಿ ಕೊಡ್ತೀನಿ. ನೀನು ಬೇಯ್ಸು. ನಿನ್ನ ಋಣ ನಂಗೆ ಬೇಡ."

"ಆಗಿರೋದನ್ನ ಹೊಡೆದು ಹಾಕಲ್ಲ ದೊಡ್ಡಮ್ಮ. ನಾಳೆದು ನಾಳೆ ಬರೀತೀನಿ."

"ಬರ್ಯೋ ಮುಂಚೆ ನಂಗೆ ಓದಿ ಹೇಳ್ಬೇಕು."

"ಹೇಳ್ತೀನಿ."

ಗುರುವಾರ ಹೆಸರು ತೆಗೆದರು. ನೋಟಿಸು ಬಂತು. ರಿಜಿಸ್ಟರಿನ ಪುಟ ಮೇಡಂ ಮೇಜಿನ ಮೇಲೆ ಬಿದ್ದಿದೆ ಎಂದು ಕೇಳಿದ್ದೇನೆ. ಹುಡುಗಿಯ ಕಾರ್ಡಿಗೆ ಹೊಸ ಫೋಟೊ ಹಾಕಿಸಲು ಶ್ರೀನಿವಾಸಪುರಕ್ಕೆ ಎರಡು ಸಲ ಹೋದೆವು. ಎರಡು ಸಲವೂ ಸರ್ವರ್ ಇಲ್ಲ ಅಂದರು. ಆದರೆ ಆ ಗುರುವಾರ ಮಧ್ಯಾಹ್ನ ದೊಡ್ಡಮ್ಮ ಬಂದಳು, ಸೆರಗಿನ ಗಂಟಿನಲ್ಲಿ ಅಕ್ಕಿ ತಂದಿದ್ದಳು. ಬಿಚ್ಚಿ ನೋಡಿದೆ. ಒಂದು ಹೊತ್ತಿನ ಅಕ್ಕಿಯಲ್ಲ, ಎರಡು ಹೊತ್ತಿನದು.

"ಜಾಸ್ತಿ ಆಯ್ತಲ್ಲ ದೊಡ್ಡಮ್ಮ," ಅಂದೆ.

"ಬೇಯ್ಸು," ಅಂದಳು, ನನ್ನ ಮುಖ ನೋಡದೆ. "ಮಿಕ್ಕಿದ್ದು ಡಬ್ಬಿಗೆ ಹಾಕ್ಕೊಡು. ಸಾಯಂಕಾಲ ತಿಂತಾಳೆ. ಉಪ್ಪು ಕಮ್ಮಿ ಹಾಕು."